ಆ ಅಂಕ ಯಾವುದಕ್ಕೆ ಸಿಕ್ಕಿತು? ಇಂಗ್ಲಿಷ್ ಪ್ರಶ್ನೆಪತ್ರಿಕೆ ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಪ್ರೌಢಶಾಲಾ ಹಂತದ ಇಂಗ್ಲಿಷ್ ಪರೀಕ್ಷೆ ನಡೆಸುವ ಮಂಡಳಿಗಳಿಗೆ ಮತ್ತು ಪ್ರಶ್ನೆಪತ್ರಿಕೆ ರಚನಾ ಸಮಿತಿಗಳಿಗೆ

ಮಾನ್ಯರೇ,

ಇಂಗ್ಲಿಷನ್ನು ಮನೆಯಲ್ಲಿ ಆಡದೆ ಶಾಲೆಯಲ್ಲಿ ಮಾತ್ರ ಕಲಿಯುವ ಮಕ್ಕಳ ಅಂಕಪಟ್ಟಿಯಲ್ಲಿ ಆ ವಿಷಯದ ಎದುರಿಗೆ ಸಾಮಾನ್ಯವಾಗಿ ಒಂದೇ ಸಂಖ್ಯೆ ಇರುತ್ತದೆ. ಅದು 78 ಎಂದಿಟ್ಟುಕೊಳ್ಳೋಣ. ಆ ವಿದ್ಯಾರ್ಥಿನಿ ತಾನು ಹಿಂದೆಂದೂ ನೋಡಿರದ ಒಂದು ಪುಟವನ್ನು ಓದಿ ಅರ್ಥಮಾಡಿಕೊಳ್ಳಬಲ್ಲಳೇ, ಯಾರಾದರೂ ಸಹಜ ವೇಗದಲ್ಲಿ ಎರಡು ನಿಮಿಷ ಮಾತನಾಡಿದರೆ ವಿಷಯವನ್ನು ಹಿಡಿಯಬಲ್ಲಳೇ ಎಂದು ಕೇಳಿದರೆ ಆ 78ರಲ್ಲಿ ಉತ್ತರವಿಲ್ಲ. ಪಾಠದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದ್ದಕ್ಕೂ, ಪದ್ಯದ ಸಾಲುಗಳನ್ನು ತಪ್ಪಿಲ್ಲದೆ ಬರೆದದ್ದಕ್ಕೂ, ಬಿಟ್ಟ ಸ್ಥಳ ತುಂಬಿದ್ದಕ್ಕೂ ಸಿಕ್ಕ ಅಂಕಗಳು ಅದರಲ್ಲಿ ಬೆರೆತುಹೋಗಿವೆ. ಕೇಳಿ ಗ್ರಹಿಸಿದ್ದಕ್ಕೆ ಸಿಕ್ಕ ಅಂಕ ಎಷ್ಟೋ ಪರೀಕ್ಷೆಗಳಲ್ಲಿ ಒಂದೂ ಇರುವುದಿಲ್ಲ. ಹಲವು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ, ಉತ್ತರಪತ್ರಿಕೆಗಳನ್ನು ತಿದ್ದುತ್ತ ಬಂದಿರುವ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ಓದನ್ನು ಪರೀಕ್ಷಿಸುತ್ತೇವೆ ಎಂದ ಕಡೆ ಓದದವರಿಗೆ ಅಂಕ ಸಿಗಬಾರದು, ಆಲಿಸುವಿಕೆಯನ್ನು ಪರೀಕ್ಷಿಸುತ್ತೇವೆ ಎಂದ ಕಡೆ ಆಲಿಸದವರಿಗೆ ಅಂಕ ಸಿಗಬಾರದು, ಮತ್ತು ಇವೆರಡೂ ಬಲ್ಲವರಿಗೆ ಬೇರಾವುದೋ ಕಾರಣಕ್ಕೆ ಅಂಕ ತಪ್ಪಬಾರದು.

ಶೈಕ್ಷಣಿಕ ಮಾಪನವನ್ನು ಅಧ್ಯಯನ ಮಾಡಿದವರಿಗೆ ಇದು ಹೊಸ ಮಾತಲ್ಲ. ಪರೀಕ್ಷೆಯ ಸಿಂಧುತ್ವವನ್ನು, ಅಂದರೆ ಅಳೆಯಬೇಕಾದದ್ದನ್ನೇ ಅದು ಅಳೆಯುತ್ತದೆಯೇ ಎಂಬುದನ್ನು ಕುರಿತು 1989ರಲ್ಲಿ ದೀರ್ಘವಾಗಿ ಬರೆದ ಸ್ಯಾಮ್ಯುಯೆಲ್ ಮೆಸ್ಸಿಕ್ ಅವರು ಅದಕ್ಕೆ ಎರಡು ಬದಿಯಿಂದ ಅಪಾಯವಿದೆ ಎಂದು ತೋರಿಸಿದ್ದರು. ಅಳೆಯಬೇಕಾದ ಸಾಮರ್ಥ್ಯದ ದೊಡ್ಡ ಭಾಗವೇ ಪರೀಕ್ಷೆಯಿಂದ ಹೊರಗುಳಿಯುವುದು ಒಂದು. ಆ ಸಾಮರ್ಥ್ಯಕ್ಕೆ ಸಂಬಂಧವೇ ಇಲ್ಲದ ಸಂಗತಿಗಳು ಒಳಗೆ ನುಸುಳಿ ಅಂಕವನ್ನು ಏರಿಸುವುದು ಅಥವಾ ಇಳಿಸುವುದು ಇನ್ನೊಂದು. ನಮ್ಮ ಇಂಗ್ಲಿಷ್ ಪರೀಕ್ಷೆಗಳಲ್ಲಿ ಆಲಿಸುವಿಕೆ ಮೊದಲನೆಯ ಅಪಾಯಕ್ಕೆ ಸಿಕ್ಕಿದೆ, ಓದು ಎರಡನೆಯದಕ್ಕೆ ಸಿಕ್ಕಿದೆ. ಓದಿನ ವಿಚಾರವನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದನ್ನು ಪರೀಕ್ಷಿಸುತ್ತಲೇ ಇದ್ದೇವೆ ಎಂಬ ನೆಮ್ಮದಿಯಲ್ಲಿ ನಾವೆಲ್ಲರೂ ಇದ್ದೇವೆ.

ಒಂದು ವಾಕ್ಯ ನೋಡಿ: "ಕಸವಿ ತಿಳುವನು ದೊಸರಿನ ಮೇಲೆ ಗದುಕಿದನು." ಇದರಲ್ಲಿ ಅರ್ಥವಿಲ್ಲ, ಈಗಷ್ಟೇ ಕಟ್ಟಿದ ಸಾಲು. ಆದರೂ ತಿಳುವನು ಎಲ್ಲಿ ಗದುಕಿದನು ಎಂದು ಕೇಳಿದರೆ ದೊಸರಿನ ಮೇಲೆ ಎಂದು ಯಾರಾದರೂ ಹೇಳಿಯಾರು. ಎಂತಹ ತಿಳುವನು ಎಂದರೆ ಕಸವಿ ತಿಳುವನು. ಎರಡಕ್ಕೂ ಪೂರ್ಣ ಅಂಕ. ಇಂಗ್ಲಿಷ್ ಪತ್ರಿಕೆಯ ಅನ್‌ಸೀನ್ ಪ್ಯಾಸೇಜಿನ ಕೆಳಗಿರುವ ಪ್ರಶ್ನೆಗಳಲ್ಲಿ ಬಹುಪಾಲು ಈ ಜಾತಿಯವೇ. ಪ್ರಶ್ನೆಯಲ್ಲಿರುವ ಪದವನ್ನು ಗದ್ಯಭಾಗದಲ್ಲಿ ಹುಡುಕಿ, ಅದರ ಅಕ್ಕಪಕ್ಕದ ವಾಕ್ಯವನ್ನು ಹಾಗೆಯೇ ಎತ್ತಿ ಬರೆದರೆ ಸಾಕು ಎಂಬ ಉಪಾಯ ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಅದನ್ನು ನಾವೇ ಹೇಳಿಕೊಡುವುದೂ ಉಂಟು. ಮೌಲ್ಯಮಾಪಕನ ಕೈಯಲ್ಲಿರುವ ಮಾದರಿ ಉತ್ತರವೂ ಅದೇ ವಾಕ್ಯವಾಗಿರುವುದರಿಂದ ಅಂಕ ಕೊಡದೆ ಇರಲು ಅವನಿಗೆ ದಾರಿಯಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾದದ್ದು ಕಣ್ಣಿನ ಚುರುಕು ಮತ್ತು ನಕಲು ಮಾಡುವ ಜಾಗರೂಕತೆ.

ಇನ್ನು ಪಠ್ಯಪುಸ್ತಕದ ಪಾಠವನ್ನೇ ಕೊಟ್ಟು ಅದರ ಮೇಲೆ ಓದಿನ ಪ್ರಶ್ನೆ ಕೇಳುವ ಪದ್ಧತಿ. ವರ್ಷವಿಡೀ ತರಗತಿಯಲ್ಲಿ ವಿವರಿಸಿದ, ನೋಟ್ಸ್ ಬರೆಸಿದ, ಗೈಡುಗಳಲ್ಲಿ ಉತ್ತರ ಸಿಗುವ ಪಾಠವನ್ನು ಪರೀಕ್ಷೆಯ ದಿನ ಯಾರೂ ಓದುವುದಿಲ್ಲ, ನೆನಪಿಸಿಕೊಳ್ಳುತ್ತಾರೆ. ಇದರ ಪರಿಣಾಮ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆಯ ಅನುಭವವಿದೆ. ಖಾಸಗಿ ಟ್ಯೂಷನ್ನಿನ ಹೊರೆ ತಗ್ಗಿಸುವ ಸದುದ್ದೇಶದಿಂದ ಅಲ್ಲಿನ ಸರ್ಕಾರ, ಸಾರ್ವಜನಿಕ ಶೈಕ್ಷಣಿಕ ಪ್ರಸಾರ ಸಂಸ್ಥೆಯಾದ ಇಬಿಎಸ್ ಪ್ರಕಟಿಸುವ ಅಭ್ಯಾಸ ಪುಸ್ತಕಗಳಿಗೂ ಪರೀಕ್ಷೆಗೂ ನಂಟು ಕಲ್ಪಿಸಿತು. ಆ ಪುಸ್ತಕಗಳ ಗದ್ಯಭಾಗಗಳೇ ಪ್ರಶ್ನೆಪತ್ರಿಕೆಯಲ್ಲಿ ಬರತೊಡಗಿದವು. ಆಗ ವಿದ್ಯಾರ್ಥಿಗಳು ಇಂಗ್ಲಿಷ್ ಗದ್ಯಭಾಗಗಳ ಕೊರಿಯನ್ ಅನುವಾದವನ್ನು ಕಂಠಪಾಠ ಮಾಡಲು ಹತ್ತಿದರು. ಮೊದಲ ಸಾಲು ಕಂಡೊಡನೆ ಇದು ಯಾವ ಗದ್ಯ ಎಂದು ಗುರುತು ಹತ್ತಿದರೆ ಉಳಿದದ್ದನ್ನು ಓದುವ ಅಗತ್ಯವೇ ಇರಲಿಲ್ಲ. ಕೊನೆಗೆ ನಂಟಿನ ಪ್ರಮಾಣವನ್ನು ಇಳಿಸಿ, ಇಂಗ್ಲಿಷ್ ವಿಷಯದಲ್ಲಿ ಅವೇ ಗದ್ಯಭಾಗಗಳ ಬದಲು ಅವುಗಳನ್ನು ಹೋಲುವ ಬೇರೆ ಗದ್ಯಗಳನ್ನು ಕೊಡುವ ಕ್ರಮಕ್ಕೆ ಅಲ್ಲಿನವರು ಬರಬೇಕಾಯಿತು. ಪಾಠದ ಮೇಲಿನ ಪ್ರಶ್ನೆಗಳು ಇರಬಾರದು ಎಂದು ನಾನು ವಾದಿಸುತ್ತಿಲ್ಲ. ಸಾಹಿತ್ಯವನ್ನು ಓದಿಸಿದ ಮೇಲೆ ಅದರ ಬಗ್ಗೆ ಕೇಳುವುದು ನ್ಯಾಯವೇ. ಅದಕ್ಕೆ ಸಿಕ್ಕ ಅಂಕವನ್ನು ಓದಿನ ಸಾಮರ್ಥ್ಯದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಹೊಸ ಗದ್ಯಭಾಗ ಕೊಟ್ಟ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಗದ್ಯವನ್ನು ಓದದೆಯೇ ಸರಿ ಉತ್ತರ ಗುರುತಿಸಬಹುದಾದ ದಾರಿಗಳು ಬಹಳ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬಳಸುವ ಸ್ಯಾಟ್ ಪರೀಕ್ಷೆಯ ಓದಿನ ಪ್ರಶ್ನೆಗಳನ್ನು, ಗದ್ಯಭಾಗಗಳನ್ನು ತೆಗೆದುಹಾಕಿ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಸ್ಟುವರ್ಟ್ ಕಾಟ್ಜ್ ಮತ್ತು ಸಂಗಡಿಗರು ನಡೆಸಿದ ಆ ಪ್ರಯೋಗದಲ್ಲಿ, ಕಣ್ಣುಮುಚ್ಚಿ ಗುರುತು ಹಾಕಿದರೆ ಬರಬಹುದಾದದ್ದಕ್ಕಿಂತ ಸಾಕಷ್ಟು ಹೆಚ್ಚು ಸರಿ ಉತ್ತರಗಳು ಬಂದವು. ಅಷ್ಟು ಪರಿಣತರು ತಯಾರಿಸಿದ ಪರೀಕ್ಷೆಯ ಸ್ಥಿತಿಯೇ ಹೀಗಿದ್ದರೆ, ಕೆಲವೇ ದಿನಗಳ ಗಡುವಿನಲ್ಲಿ ಒಬ್ಬಿಬ್ಬರು ಕುಳಿತು ಬರೆಯುವ ಪ್ರಶ್ನೆಗಳ ಗತಿಯೇನು ಎಂದು ಊಹಿಸಬಹುದು. ಸರಿ ಉತ್ತರ ಉಳಿದವುಗಳಿಗಿಂತ ಉದ್ದವಾಗಿರುವುದು, ತಪ್ಪು ಆಯ್ಕೆಗಳಲ್ಲಿ ಒಂದೆರಡು ನಗೆ ಬರಿಸುವಷ್ಟು ಅಸಂಬದ್ಧವಾಗಿರುವುದು, ಲೋಕಜ್ಞಾನದಿಂದಲೇ ಉತ್ತರ ತಿಳಿಯುವಂತಿರುವುದು ನಾವು ದಿನವೂ ನೋಡುವ ದೋಷಗಳು. ಇದಕ್ಕೆ ಖರ್ಚಿಲ್ಲದ ಪರಿಹಾರವೊಂದಿದೆ. ಗದ್ಯವನ್ನು ಮುಚ್ಚಿಟ್ಟು, ಪ್ರಶ್ನೆಗಳನ್ನು ಮಾತ್ರ ಸಮಿತಿಯ ಹೊರಗಿನ ಕೆಲವು ಅಧ್ಯಾಪಕರಿಗೆ ಕೊಟ್ಟು ಉತ್ತರಿಸಲು ಹೇಳಿ. ಅವರು ಸರಿಯಾಗಿ ಉತ್ತರಿಸಿದ ಪ್ರಶ್ನೆಗಳನ್ನು ಕೈಬಿಡಿ ಅಥವಾ ತಿದ್ದಿ. ತಪ್ಪು ಆಯ್ಕೆಗಳನ್ನು ಹೇಗಾದರೂ ಮಾಡಿ ಮೂರಕ್ಕೆ ತುಂಬಿಸಬೇಕೆಂಬ ಹಠವೂ ಬೇಡ. ಮೈಕೆಲ್ ರಾಡ್ರಿಗಸ್ 2005ರಲ್ಲಿ ಅನೇಕ ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿ, ಹೆಚ್ಚಿನ ಸಂದರ್ಭಗಳಲ್ಲಿ ಒಟ್ಟು ಮೂರು ಆಯ್ಕೆಗಳೇ ಸಾಕು ಎಂಬ ನಿರ್ಣಯಕ್ಕೆ ಬಂದಿದ್ದಾರೆ. ನಾಲ್ಕನೆಯದು ಅನೇಕ ವೇಳೆ ಯಾರೂ ಆರಿಸದ, ಸ್ಥಳ ತುಂಬುವ ಆಯ್ಕೆಯಾಗಿರುತ್ತದೆ.

ಗದ್ಯದ ಆಯ್ಕೆಯಲ್ಲೂ ಇನ್ನಷ್ಟು ಎಚ್ಚರ ಬೇಕು. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಿರಿಯ ಪ್ರೌಢಶಾಲೆಯ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಒಂದು ವರ್ಣನೆಯನ್ನು ಓದಲು ಕೊಡಲಾಗಿತ್ತು. ಓದಿನಲ್ಲಿ ಹಿಂದುಳಿದವರೆಂದು ಗುರುತಿಸಲಾದ, ಆದರೆ ಆಟವನ್ನು ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದರೂ ಆಟದ ಗಂಧ ಇಲ್ಲದವರಿಗಿಂತ ಮೇಲಾಗಿ ಅದನ್ನು ಗ್ರಹಿಸಿ ನೆನಪಿಟ್ಟುಕೊಂಡಿದ್ದರು. ಅಂದರೆ ಒಂದೇ ವಿಷಯದ ಒಂದೇ ಉದ್ದನೆಯ ಗದ್ಯವನ್ನು ಕೊಟ್ಟು ಹತ್ತು ಅಂಕಗಳನ್ನು ಅದರ ಮೇಲೆ ಹೂಡಿದರೆ, ಆ ವಿಷಯ ಪರಿಚಿತವಿದ್ದವರಿಗೆ ನಾವು ಅರಿವಿಲ್ಲದೆಯೇ ಉಡುಗೊರೆ ಕೊಟ್ಟಂತೆ. ವಿಮಾನ ನಿಲ್ದಾಣದ ಪ್ರಕಟಣೆಯ ಬಗ್ಗೆ ಪ್ರಶ್ನೆ ಕೇಳಿದಾಗ ವಿಮಾನ ಹತ್ತಿದ ಮಗು, ಹತ್ತದ ಮಗು ಎಂಬ ಭೇದ ಪರೀಕ್ಷೆಯೊಳಗೆ ಬಂದೇ ಬರುತ್ತದೆ. ಬೇರೆ ಬೇರೆ ವಿಷಯಗಳ, ಬೇರೆ ಬೇರೆ ಬಗೆಯ ಮೂರು ನಾಲ್ಕು ಚಿಕ್ಕ ಗದ್ಯಗಳು, ಉದಾಹರಣೆಗೆ ಒಂದು ಸೂಚನಾಪತ್ರ, ಒಂದು ಪತ್ರ, ಒಂದು ವೈಜ್ಞಾನಿಕ ವಿವರಣೆ ಮತ್ತು ಒಂದು ಕಥಾಭಾಗ, ಈ ಏರುಪೇರನ್ನು ಸ್ವಲ್ಪಮಟ್ಟಿಗೆ ಸಮಗೊಳಿಸುತ್ತವೆ.

ಪದಗಳ ಕಷ್ಟದ ಬಗ್ಗೆಯೂ ಒಂದು ಅಳತೆ ನಮಗೆ ಲಭ್ಯವಿದೆ. ಹು ಮತ್ತು ಪಾಲ್ ನೇಷನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ನೆರವೂ ಇಲ್ಲದೆ ಒಂದು ಗದ್ಯವನ್ನು ಸಾಕಷ್ಟು ಗ್ರಹಿಸಲು ಅದರ ಪದಗಳಲ್ಲಿ ಸುಮಾರು ಶೇ. 98ರಷ್ಟು ಓದುಗನಿಗೆ ಮೊದಲೇ ತಿಳಿದಿರಬೇಕಾಗುತ್ತದೆ. 300 ಪದಗಳ ಗದ್ಯದಲ್ಲಿ ಅಪರಿಚಿತ ಪದಗಳು ಆರಕ್ಕೆ ನಿಲ್ಲಬೇಕು ಎಂದಾಯಿತು. ದಿನಪತ್ರಿಕೆಯಿಂದಲೋ ವಿಶ್ವಕೋಶದಿಂದಲೋ ಹಾಗೆಯೇ ಕತ್ತರಿಸಿ ತಂದ ಗದ್ಯದಲ್ಲಿ ಇದು ಮೂವತ್ತನ್ನು ದಾಟುವುದು ಕಷ್ಟವಲ್ಲ, ಮತ್ತು ಅಂತಹ ಗದ್ಯದ ಮುಂದೆ ಕುಳಿತ ಮಗುವಿಗೆ ಮೇಲೆ ಹೇಳಿದ ಎತ್ತಿ ಬರೆಯುವ ಉಪಾಯದ ಹೊರತು ಬೇರೆ ಗತಿಯಿಲ್ಲ. ಕಠಿಣ ಗದ್ಯ ಮತ್ತು ಸುಲಭ ಪ್ರಶ್ನೆ ಎಂಬ ಜೋಡಿ ನಮ್ಮಲ್ಲಿ ಬೇರೂರಿದೆ. ನನಗೆ ತೋರುವಂತೆ ಅದು ತಲೆಕೆಳಗಾಗಬೇಕು. ಗದ್ಯ ಸರಳವಾಗಿರಲಿ, ಪ್ರಶ್ನೆ ಅರ್ಥವನ್ನು ಕೇಳಲಿ. ಇಬ್ಬರು ಗೆಳತಿಯರ ಪತ್ರಗಳನ್ನು ಕೊಟ್ಟು, ಯಾವ ಸಂಗತಿಯ ಬಗ್ಗೆ ಅವರಿಬ್ಬರಿಗೂ ಒಮ್ಮತವಿಲ್ಲ ಎಂದು ಕೇಳಬಹುದು. ಒಂದು ವೇಳಾಪಟ್ಟಿ ಮತ್ತು ಒಬ್ಬ ಪ್ರಯಾಣಿಕನ ಅಗತ್ಯಗಳನ್ನು ಕೊಟ್ಟು, ಅವನಿಗೆ ಹೊಂದುವುದು ಯಾವುದು ಎಂದು ಕೇಳಬಹುದು. ನಾಲ್ಕನೆಯ ಪ್ಯಾರಾದಲ್ಲಿ ಬರುವ ಸರ್ವನಾಮ ಯಾರನ್ನು ಸೂಚಿಸುತ್ತದೆ, ಲೇಖಕನು ಈ ಮಾತನ್ನು ಒಪ್ಪಿ ಹೇಳುತ್ತಿದ್ದಾನೋ ಅಣಕಿಸಿ ಹೇಳುತ್ತಿದ್ದಾನೋ ಎಂದು ಕೇಳಬಹುದು. ಇಂತಹ ಪ್ರಶ್ನೆಗಳಿಗೆ ಗದ್ಯದ ಯಾವ ಒಂದು ವಾಕ್ಯವನ್ನು ಎತ್ತಿ ಬರೆದರೂ ಉತ್ತರವಾಗುವುದಿಲ್ಲ. ಉತ್ತರ ಒಂದು ಅಕ್ಷರವನ್ನು ಗುರುತಿಸುವಷ್ಟು ಚಿಕ್ಕದಾಗಿದ್ದರೂ ಅದರ ಹಿಂದೆ ಓದು ಇರಲೇಬೇಕಾಗುತ್ತದೆ. ವಿಲ್ಸನ್ ಟೇಲರ್ 1953ರಲ್ಲಿ ಪರಿಚಯಿಸಿದ ಕ್ಲೋಜ್ ವಿಧಾನ, ಅಂದರೆ ಗದ್ಯದಲ್ಲಿ ನಿಗದಿತ ಅಂತರಕ್ಕೊಂದರಂತೆ ಪದಗಳನ್ನು ಅಳಿಸಿ ತುಂಬಿಸುವ ಕ್ರಮ, ಅಗ್ಗವಾಗಿಯೂ ಉಪಯುಕ್ತವಾಗಿಯೂ ಇದೆ; ಆದರೆ ಅದರಲ್ಲಿ ವ್ಯಾಕರಣಜ್ಞಾನ ಮತ್ತು ಓದು ಎಷ್ಟೆಷ್ಟು ಬೆರೆತಿವೆ ಎಂದು ಬಿಡಿಸಿ ಹೇಳುವುದು ಕಷ್ಟವಾದ್ದರಿಂದ ಓದಿನ ಭಾಗವನ್ನೆಲ್ಲ ಅದಕ್ಕೇ ಒಪ್ಪಿಸಬಾರದು.

ಆಲಿಸುವಿಕೆಯ ಮಾತಿಗೆ ಬರುತ್ತೇನೆ. ಓದಿ ಅರ್ಥವಾಗುವವರಿಗೆ ಕೇಳಿದರೂ ಅರ್ಥವಾಗುತ್ತದೆ, ಆದ್ದರಿಂದ ಪ್ರತ್ಯೇಕ ಪರೀಕ್ಷೆ ಬೇಡ ಎಂಬ ವಾದವನ್ನು ಸಮಿತಿಗಳಲ್ಲಿ ಕೇಳುತ್ತಲೇ ಇರುತ್ತೇವೆ. ಮನೆಮಾತಿನ ಮಟ್ಟಿಗೆ ಎರಡಕ್ಕೂ ಗಾಢ ಸಂಬಂಧವಿದೆ ನಿಜ. ಓದಿನ ಗ್ರಹಿಕೆ ಎಂಬುದು ಅಕ್ಷರಗಳನ್ನು ಬಿಡಿಸುವ ಶಕ್ತಿ ಮತ್ತು ಮಾತನ್ನು ಗ್ರಹಿಸುವ ಶಕ್ತಿ ಎರಡರ ಗುಣಲಬ್ಧ ಎಂದು ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಮಂಡಿಸಿದ ಸರಳ ಸೂತ್ರದ ಆಧಾರವೂ ಅದೇ. ಆದರೆ ಪುಸ್ತಕದಿಂದ ಇಂಗ್ಲಿಷ್ ಕಲಿತವರಲ್ಲಿ ಕ್ರಮ ಹಿಂದುಮುಂದಾಗಿರುತ್ತದೆ. ಅವರಿಗೆ ಮೊದಲು ಅಕ್ಷರ ಬಂದಿದೆ, ಧ್ವನಿ ಆಮೇಲೆ ಬರಬೇಕಾಗಿದೆ, ಕೆಲವೊಮ್ಮೆ ಬರುವುದೇ ಇಲ್ಲ. ಇಂಗ್ಲಿಷ್ ಮಾತಿನಲ್ಲಿ ಒತ್ತು ಬೀಳದ ಪದಗಳು ಕುಗ್ಗಿಹೋಗುತ್ತವೆ, ಪಕ್ಕದ ಪದಕ್ಕೆ ಅಂಟಿಕೊಳ್ಳುತ್ತವೆ. "ವಾಟ್ ಡಿಡ್ ಯು ಡೂ" ಎಂದು ಬಿಡಿಬಿಡಿಯಾಗಿ ಕಲಿತ ವಿದ್ಯಾರ್ಥಿಗೆ ನಿಜವಾದ ಸಂಭಾಷಣೆಯಲ್ಲಿ ಕೇಳಿಸುವುದು "ವಾಡಿಜುಡೂ" ಎಂಬಂತಹ ಒಂದೇ ಉಂಡೆ. "ಕ್ಯಾನ್" ಎಂಬ ಪದ ಹೌದೆನ್ನುವ ವಾಕ್ಯದೊಳಗೆ "ಕನ್" ಎಂದು ಸವೆದು, ಇಲ್ಲವೆನ್ನುವಾಗ ಮಾತ್ರ ಒತ್ತು ಪಡೆದು ನಿಲ್ಲುತ್ತದೆ. ಆ ಒತ್ತನ್ನು ಕಿವಿ ಗುರುತಿಸದಿದ್ದರೆ ಬರುತ್ತೇನೆ ಎಂದದ್ದೂ ಬರಲಾರೆ ಎಂದದ್ದೂ ಒಂದೇ ಆಗಿ ಕೇಳಿಸಬಹುದು. "ಫಿಫ್ಟೀನ್" ಮತ್ತು "ಫಿಫ್ಟಿ" ಎಂಬ ಸಂಖ್ಯೆಗಳ ಗೊಂದಲವಂತೂ ಎಲ್ಲ ಅಧ್ಯಾಪಕರಿಗೂ ಗೊತ್ತಿರುವುದೇ. ಬರವಣಿಗೆಯಲ್ಲಿ ಪದಗಳ ನಡುವೆ ಬಿಳಿ ಜಾಗವಿದೆ, ಮಾತಿನಲ್ಲಿ ಇಲ್ಲ. ಓದುಗ ಹಿಂದಿನ ಸಾಲಿಗೆ ಮರಳಬಹುದು, ಕೇಳುಗನಿಗೆ ಆ ಅವಕಾಶ ಇಲ್ಲ. ಅಕ್ಷರಕ್ಕಕ್ಷರ ಉಚ್ಚರಿಸುವ ಅಭ್ಯಾಸದಿಂದ ಬಂದ ಕಿವಿಗೆ ಇದು ಬೇರೆಯೇ ವಿದ್ಯೆ, ಅದನ್ನು ಬೇರೆಯಾಗಿಯೇ ಕಲಿಸಬೇಕು, ಬೇರೆಯಾಗಿಯೇ ಪರೀಕ್ಷಿಸಬೇಕು.

ಲಕ್ಷಗಟ್ಟಲೆ ಮಕ್ಕಳಿಗೆ ಒಂದೇ ದಿನ ಆಲಿಸುವಿಕೆಯ ಪರೀಕ್ಷೆ ನಡೆಸುವುದು ಅಸಾಧ್ಯ ಎಂಬ ಮಾತಿಗೆ ಪ್ರಪಂಚದಲ್ಲಿ ಈಗಾಗಲೇ ಉತ್ತರವಿದೆ. ದಕ್ಷಿಣ ಕೊರಿಯಾದ ಅದೇ ಪರೀಕ್ಷೆಯ ಇಂಗ್ಲಿಷ್ ವಿಭಾಗದ 45 ಪ್ರಶ್ನೆಗಳಲ್ಲಿ 17 ಆಲಿಸುವಿಕೆಗೆ ಮೀಸಲು, ಮತ್ತು ಆ ಅವಧಿಯಲ್ಲಿ ದೇಶದಾದ್ಯಂತ ವಿಮಾನಗಳ ಏರಿಳಿತವನ್ನೇ ನಿಲ್ಲಿಸುತ್ತಾರೆ. ಜಪಾನ್ 2006ರಲ್ಲಿ ತನ್ನ ರಾಷ್ಟ್ರೀಯ ಪ್ರವೇಶ ಪರೀಕ್ಷೆಗೆ ಆಲಿಸುವಿಕೆಯನ್ನು ಸೇರಿಸಿದಾಗ ಪ್ರತಿಯೊಬ್ಬ ಪರೀಕ್ಷಾರ್ಥಿಗೂ ಒಂದು ಚಿಕ್ಕ ಧ್ವನಿ ಉಪಕರಣ ಮತ್ತು ಇಯರ್‌ಫೋನ್ ಕೊಡುವ ವ್ಯವಸ್ಥೆ ಮಾಡಿತು. ಆಗ ಬರಹದ ಭಾಗಕ್ಕೆ 200 ಅಂಕ, ಆಲಿಸುವಿಕೆಗೆ 50 ಅಂಕ ಇತ್ತು. 2021ರಲ್ಲಿ ಹೊಸ ಸ್ವರೂಪದ ಪರೀಕ್ಷೆ ಬಂದಾಗ ಓದಿಗೆ 100, ಆಲಿಸುವಿಕೆಗೆ 100 ಎಂದು ಸಮ ಮಾಡಲಾಯಿತು. ಉಚ್ಚಾರಣೆಯನ್ನು ಕಾಗದದ ಮೇಲೆ ಗುರುತು ಮಾಡಿಸುತ್ತಿದ್ದ ಹಳೆಯ ಪ್ರಶ್ನೆಗಳು ಮಾಯವಾದವು. ಎಲ್ಲರೂ ವಿಮಾನ ನಿಲ್ಲಿಸಬೇಕು, ಎಲ್ಲರಿಗೂ ಉಪಕರಣ ಹಂಚಬೇಕು ಎಂದು ನಾನು ಕೇಳುತ್ತಿಲ್ಲ. ಒಂದು ಕೊಠಡಿಗೆ ಒಂದು ಒಳ್ಳೆಯ ಸ್ಪೀಕರ್, ಮೊದಲೇ ಪರಿಶೀಲಿಸಿದ ಧ್ವನಿಮುದ್ರಿಕೆ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ ನೋಡುವ ಒಬ್ಬ ಮೇಲ್ವಿಚಾರಕ, ಮತ್ತು ವಿದ್ಯುತ್ ಕೈಕೊಟ್ಟರೆ ಪರ್ಯಾಯ ವ್ಯವಸ್ಥೆ ಇದ್ದರೆ ಆರಂಭಿಸಲು ಸಾಕು.

ಈಗ ಕೆಲವೆಡೆ ನಡೆಯುತ್ತಿರುವ ಆಲಿಸುವಿಕೆಯ ಪರೀಕ್ಷೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಆಂತರಿಕ ಮೌಲ್ಯಮಾಪನದ ಹೆಸರಿನಲ್ಲಿ ಕೆಲವು ಅಂಕಗಳನ್ನು ಇದಕ್ಕೆ ಇಟ್ಟಿರುತ್ತಾರೆ. ಅಧ್ಯಾಪಕರು ಒಂದು ಗದ್ಯವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ, ಬೇಕಾದರೆ ಮೂರು ಸಲ ಓದುತ್ತಾರೆ, ಅಥವಾ ಓದುವುದೂ ಇಲ್ಲ, ಅಂಕಗಳು ಮಾತ್ರ ದಾಖಲೆಗೆ ಬೀಳುತ್ತವೆ. ಎಲ್ಲರಿಗೂ ಹೆಚ್ಚುಕಡಿಮೆ ಪೂರ್ಣ ಅಂಕ. ಅಧ್ಯಾಪಕರನ್ನು ದೂರಿ ಫಲವಿಲ್ಲ, ಏಕೆಂದರೆ ಧ್ವನಿಮುದ್ರಿಕೆಯಾಗಲೀ ಸಮಯವಾಗಲೀ ತರಬೇತಿಯಾಗಲೀ ಅವರಿಗೆ ದೊರೆತಿಲ್ಲ, ಪಕ್ಕದ ಶಾಲೆಯಲ್ಲಿ ಪೂರ್ಣ ಅಂಕ ಕೊಡುತ್ತಿರುವಾಗ ತಮ್ಮ ಮಕ್ಕಳಿಗೆ ಕಡಿಮೆ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲರಿಗೂ ಒಂದೇ ಅಂಕ ಸಿಗುವ ಪರೀಕ್ಷೆ ಏನನ್ನೂ ಅಳೆಯುವುದಿಲ್ಲ.

ಧ್ವನಿಮುದ್ರಿಕೆಯ ರಚನೆಯಲ್ಲಿ ನಾನು ಮುಖ್ಯವೆಂದು ಭಾವಿಸುವುದು, ಬರಹಕ್ಕಾಗಿ ಬರೆದ ಗದ್ಯವನ್ನು ಗಟ್ಟಿಯಾಗಿ ಓದಿಸಿ ಅದನ್ನೇ ಮಾತೆಂದು ಕೊಡಬಾರದು ಎಂಬುದು. ಮಾತಿನ ವಾಕ್ಯಗಳು ಚಿಕ್ಕವು, ಅವುಗಳಲ್ಲಿ ತಡವರಿಕೆ ಇರುತ್ತದೆ, ಹೇಳಿದ್ದನ್ನೇ ಬೇರೆ ಬಗೆಯಲ್ಲಿ ಮತ್ತೆ ಹೇಳುವುದಿರುತ್ತದೆ, ನಡುವೆ ಮಾತು ಬದಲಿಸುವುದಿರುತ್ತದೆ. ಕೇಳುಗನಿಗೆ ನೆರವಾಗುವುದು ಇವೇ. ಉಪವಾಕ್ಯಗಳಿಂದ ತುಂಬಿದ ಲಿಖಿತ ಗದ್ಯವನ್ನು ಒಂದೇ ಸಲ ಕೇಳಿ ಗ್ರಹಿಸುವುದು ಇಂಗ್ಲಿಷ್ ಮನೆಮಾತಾಗಿರುವವರಿಗೂ ಸುಲಭವಲ್ಲ. ವೇಗ ಮಟ್ಟಕ್ಕೆ ತಕ್ಕಂತಿರಲಿ. ಸಹಜ ಇಂಗ್ಲಿಷ್ ಮಾತು ನಿಮಿಷಕ್ಕೆ ಸುಮಾರು 150ರಿಂದ 200 ಪದಗಳಷ್ಟು ಇರುತ್ತದೆ. ಪ್ರೌಢಶಾಲೆಯವರಿಗೆ ಇದರ ಕೆಳ ಅಂಚಿನಲ್ಲಿ ಅಥವಾ ಸ್ವಲ್ಪ ಕೆಳಗೆ ಆರಂಭಿಸಬಹುದು, ಆದರೆ ಪದಪದಕ್ಕೂ ನಿಲ್ಲಿಸಿ ಓದಿದ ತಕ್ಷಣ ಒತ್ತು ಮತ್ತು ಸಂಧಿಗಳು ಅಳಿಸಿಹೋಗಿ, ಪರೀಕ್ಷಿಸಬೇಕಾದ ಸಂಗತಿಯೇ ಇಲ್ಲವಾಗುತ್ತದೆ. ನಿಧಾನಗೊಳಿಸುವುದಾದರೆ ವಾಕ್ಯಗಳ ನಡುವೆ ವಿರಾಮ ಹೆಚ್ಚಿಸಿ, ವಾಕ್ಯದೊಳಗಿನ ಲಯ ಕೆಡಿಸಬೇಡಿ. ಇಬ್ಬರು ಮಾತನಾಡುವಾಗ ಅವರ ಧ್ವನಿ ಬೇರೆಬೇರೆ ಎಂದು ಸ್ಪಷ್ಟವಾಗಿ ತಿಳಿಯಬೇಕು. ಒಂದೇ ಸಲ ಕೇಳಿಸಬೇಕೋ ಎರಡು ಸಲವೋ ಎಂಬುದರಲ್ಲಿ ತಜ್ಞರಲ್ಲೇ ಭಿನ್ನಮತವಿದೆ, ಏಕೆಂದರೆ ಬದುಕಿನಲ್ಲಿ ಮಾತು ಒಂದೇ ಸಲ ಕಿವಿಗೆ ಬೀಳುತ್ತದಾದರೂ ಅಲ್ಲಿ ಮುಖ ಕಾಣುತ್ತದೆ, ಕೈಸನ್ನೆ ಕಾಣುತ್ತದೆ, ಮತ್ತೊಮ್ಮೆ ಹೇಳಿ ಎಂದು ಕೇಳಬಹುದು. ಜಪಾನಿನ ಹೊಸ ಪರೀಕ್ಷೆಯಲ್ಲಿ ಕೆಲವು ಭಾಗಗಳನ್ನು ಎರಡು ಸಲ, ಕೆಲವನ್ನು ಒಂದೇ ಸಲ ಕೇಳಿಸುತ್ತಾರೆ. ನನಗೂ ಈ ಮಿಶ್ರಣವೇ ಒಪ್ಪಿಗೆ.

ಪ್ರಶ್ನೆಗಳು ಆಲಿಸುವುದಕ್ಕೆ ಮೊದಲೇ ವಿದ್ಯಾರ್ಥಿಗಳ ಕಣ್ಣ ಮುಂದಿರಬೇಕು ಮತ್ತು ಅವುಗಳನ್ನು ಓದಲು ಸಮಯ ಕೊಡಬೇಕು. ಏನನ್ನು ಕೇಳಿಸಿಕೊಳ್ಳಬೇಕೆಂದು ತಿಳಿಯದೆ ಎಲ್ಲವನ್ನೂ ನೆನಪಿಟ್ಟುಕೊಳ್ಳಲು ಹೇಳಿದರೆ ಅದು ನೆನಪಿನ ಪರೀಕ್ಷೆ. ಆಯ್ಕೆಗಳು ಉದ್ದವಾದರೆ ಅದು ಓದಿನ ಪರೀಕ್ಷೆ. ಉತ್ತರವನ್ನು ಪೂರ್ಣ ಇಂಗ್ಲಿಷ್ ವಾಕ್ಯದಲ್ಲಿ ಬರೆಯಬೇಕೆಂದು ಒತ್ತಾಯಿಸಿ, ಕಾಗುಣಿತಕ್ಕೂ ಕ್ರಿಯಾಪದದ ರೂಪಕ್ಕೂ ಅಂಕ ಕಡಿದರೆ ಅದು ಬರವಣಿಗೆಯ ಪರೀಕ್ಷೆ. ಚಿತ್ರಗಳಲ್ಲಿ ಸರಿಯಾದುದನ್ನು ಗುರುತಿಸುವುದು, ನಕ್ಷೆಯಲ್ಲಿ ದಾರಿ ಎಳೆಯುವುದು, ಸಮಯ ಅಥವಾ ಸಂಖ್ಯೆ ತುಂಬುವುದು, ಹೇಳಿದ ಕ್ರಮದಲ್ಲಿ ಘಟನೆಗಳನ್ನು ಜೋಡಿಸುವುದು ಇಂತಹ ಬೆರಕೆಯಿಂದ ಬಹುಮಟ್ಟಿಗೆ ಪಾರಾದ ವಿಧಾನಗಳು. ಇನ್ನೊಂದು ವಿಧಾನವನ್ನು ನಾವು ಏಕೋ ನಾಚಿಕೆಯಿಂದ ದೂರವಿಟ್ಟಿದ್ದೇವೆ. ಇಂಗ್ಲೆಂಡಿನಲ್ಲಿ ಸುಮಾರು ಹದಿನಾರನೆಯ ವಯಸ್ಸಿಗೆ ಬರೆಯುವ ಜಿಸಿಎಸ್‌ಇ ಶಾಲಾ ಪರೀಕ್ಷೆಯಲ್ಲಿ ಫ್ರೆಂಚ್ ಅಥವಾ ಜರ್ಮನ್ ಕಲಿಯುವ ಮಕ್ಕಳಿಗೆ ಆಲಿಸುವಿಕೆಯ ಗ್ರಹಿಕೆ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿ ಇಂಗ್ಲಿಷಿನಲ್ಲೇ ಉತ್ತರ ಪಡೆಯುತ್ತಾರೆ, ಏಕೆಂದರೆ ತಿಳಿಯಬೇಕಾದುದು ಅವರಿಗೆ ಆ ಪರಭಾಷೆಯ ಮಾತು ಅರ್ಥವಾಯಿತೇ ಎಂಬುದಷ್ಟೇ. ಇಂಗ್ಲಿಷ್ ಕಲಿಯುವ ಮಗುವಿಗೆ ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳಿ, ತನ್ನ ಭಾಷೆಯಲ್ಲಿ ಉತ್ತರಿಸಲು ಬಿಟ್ಟರೆ ಇಂಗ್ಲಿಷಿನ ಮರ್ಯಾದೆಗೆ ಕುಂದೇನೂ ಬರುವುದಿಲ್ಲ. ಹಳೆಯ ಉಕ್ತಲೇಖನವನ್ನೂ ಮರಳಿ ಪರಿಗಣಿಸಬಹುದು. ಕೇಂಬ್ರಿಜ್ 1913ರಲ್ಲಿ ವಿದೇಶಿಯರಿಗಾಗಿ ಆರಂಭಿಸಿದ, ಮೊದಲ ಸಲ ಮೂವರೇ ಕುಳಿತಿದ್ದ ಇಂಗ್ಲಿಷ್ ಪರೀಕ್ಷೆಯಲ್ಲಿ ಉಕ್ತಲೇಖನವಿತ್ತು. ಪದಗಳ ಗಡಿ ಗುರುತಿಸುವ ಶಕ್ತಿ ಅದರಲ್ಲಿ ಚೆನ್ನಾಗಿ ಬಯಲಾಗುತ್ತದೆ. ಕಾಗುಣಿತ ತಪ್ಪಿದರೂ ಪದ ಗುರುತು ಸಿಕ್ಕರೆ ಅಂಕ ಕೊಡುವುದಾಗಿ ಮಾತ್ರ ನಿಯಮ ಮಾಡಬೇಕು.

ಶ್ರವಣದೋಷವಿರುವ ಮತ್ತು ದೃಷ್ಟಿದೋಷವಿರುವ ಮಕ್ಕಳ ವ್ಯವಸ್ಥೆಯನ್ನು ಪರೀಕ್ಷೆ ಘೋಷಿಸುವ ದಿನವೇ ಪ್ರಕಟಿಸಬೇಕು. ಕೇಳಿಸದ ಮಗುವಿಗೆ ಆ ಭಾಗದಿಂದ ವಿನಾಯಿತಿ ಕೊಟ್ಟು ಉಳಿದ ಅಂಕಗಳಿಂದ ಫಲಿತಾಂಶ ಲೆಕ್ಕಹಾಕುವ ನಿಯಮ ಸ್ಪಷ್ಟವಾಗಿರಬೇಕು. ಪರೀಕ್ಷೆಯ ಬೆಳಿಗ್ಗೆ ಕೊಠಡಿ ಮೇಲ್ವಿಚಾರಕರ ವಿವೇಚನೆಗೆ ಬಿಡುವ ವಿಷಯ ಇದಲ್ಲ.

ಫಲಿತಾಂಶವನ್ನು ಹೇಗೆ ಹೇಳುತ್ತೇವೆ ಎಂಬುದೂ ಪರೀಕ್ಷೆಯ ಭಾಗವೇ. ಸರಿಸುಮಾರು ಇದೇ ವಯಸ್ಸಿನವರಿಗಾಗಿ ಇರುವ ಟೋಫೆಲ್ ಜೂನಿಯರ್ ಪರೀಕ್ಷೆಯಲ್ಲಿ ಆಲಿಸುವಿಕೆಗೂ, ಭಾಷಾ ರೂಪ ಮತ್ತು ಅರ್ಥಕ್ಕೂ, ಓದಿಗೂ ತಲಾ 42 ಪ್ರಶ್ನೆಗಳಿದ್ದು, ಪ್ರತಿಯೊಂದರ ಅಂಕವನ್ನು 200ರಿಂದ 300ರ ಮಾಪಕದಲ್ಲಿ ಪ್ರತ್ಯೇಕವಾಗಿ ಕೊಡುತ್ತಾರೆ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಚೌಕಟ್ಟು ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ, ಕಲಿಯುವವರು ಏನನ್ನು ಮಾಡಬಲ್ಲರು ಎಂಬ ವಾಕ್ಯಗಳ ಮೂಲಕ ಪ್ರತಿ ಕೌಶಲವನ್ನು ಬೇರೆಬೇರೆಯಾಗಿ ವಿವರಿಸುತ್ತದೆ. ಒಬ್ಬನೇ ವಿದ್ಯಾರ್ಥಿ ಓದಿನಲ್ಲಿ ಬಿ1, ಆಲಿಸುವಿಕೆಯಲ್ಲಿ ಎ2 ಆಗಿರಬಹುದು ಎಂಬುದನ್ನು ಅದು ಸಹಜವೆಂದೇ ಭಾವಿಸುತ್ತದೆ. ದುಬಾರಿ ಹೊರಗಿನ ಪರೀಕ್ಷೆಗಳನ್ನು ಕೊಂಡು ತನ್ನಿ ಎಂದು ಇದರ ಅರ್ಥವಲ್ಲ. ನಿಮ್ಮ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ಒಂದು ಸಾಲಿನ ಜಾಗದಲ್ಲಿ ಓದು, ಆಲಿಸುವಿಕೆ, ಉಳಿದದ್ದು ಎಂದು ಮೂರು ಸಾಲು ಇರಲಿ, ಪ್ರತಿಯೊಂದರ ಜೊತೆ ಆ ಮಟ್ಟದ ವಿದ್ಯಾರ್ಥಿ ಸಾಮಾನ್ಯವಾಗಿ ಏನನ್ನು ಮಾಡಬಲ್ಲ ಎಂಬ ಒಂದು ವಾಕ್ಯವಿರಲಿ ಎಂದಷ್ಟೇ ನನ್ನ ಕೋರಿಕೆ.

ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳು ಗೋದಾಮಿಗೆ ಹೋಗುತ್ತವೆ, ಪ್ರಶ್ನೆಗಳು ಹೇಗೆ ನಡೆದುಕೊಂಡವು ಎಂದು ಯಾರೂ ನೋಡುವುದಿಲ್ಲ. ಒಟ್ಟು ಅಂಕಗಳಲ್ಲಿ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಪ್ರತಿ ಪ್ರಶ್ನೆಗೆ ಎರಡು ಗುಂಪುಗಳಲ್ಲಿ ಎಷ್ಟೆಷ್ಟು ಮಂದಿ ಸರಿ ಉತ್ತರಿಸಿದರು ಎಂದು ಹೋಲಿಸುವ ವಿಧಾನ ಟ್ರೂಮನ್ ಕೆಲ್ಲಿ ಅವರ 1939ರ ಲೇಖನದಿಂದ ಬಳಕೆಯಲ್ಲಿದೆ. ಕೆಳಗಿನ ಗುಂಪೇ ಹೆಚ್ಚು ಸರಿ ಉತ್ತರಿಸಿದ ಪ್ರಶ್ನೆ ಸಿಕ್ಕರೆ, ಅದರಲ್ಲಿ ಎರಡು ಉತ್ತರಗಳಿವೆ ಅಥವಾ ಕೀ ಉತ್ತರವೇ ತಪ್ಪಾಗಿದೆ ಎಂದು ಅನುಮಾನಿಸಬೇಕಾಗುತ್ತದೆ. ಕೆಲವು ನೂರು ಉತ್ತರಪತ್ರಿಕೆಗಳ ಮಾದರಿ ಮತ್ತು ಒಂದು ಸಾಮಾನ್ಯ ಕಂಪ್ಯೂಟರ್ ಇದಕ್ಕೆ ಸಾಕು. ಈ ವಿವರಗಳನ್ನು ಪ್ರತಿ ವರ್ಷ ಅಧ್ಯಾಪಕರಿಗೆ ತಿಳಿಸಿದರೆ ಮುಂದಿನ ಪತ್ರಿಕೆ ಉತ್ತಮವಾಗುವುದರ ಜೊತೆಗೆ, ಯಾವ ಬಗೆಯ ಮಾತು ಅಥವಾ ಗದ್ಯ ಮಕ್ಕಳಿಗೆ ಕಠಿಣವಾಗುತ್ತಿದೆ ಎಂಬುದು ತರಗತಿಗೂ ತಲುಪುತ್ತದೆ.

ಪರೀಕ್ಷೆ ಬದಲಾದರೆ ಬೋಧನೆ ತಾನೇ ಬದಲಾಗುತ್ತದೆ ಎಂಬ ನಂಬಿಕೆ ನಿಮಗಿರಬಹುದು. ಚಾರ್ಲ್ಸ್ ಆಲ್ಡರ್ಸನ್ ಮತ್ತು ಡಯಾನ್ ವಾಲ್ 1993ರಲ್ಲಿ ಈ ನಂಬಿಕೆಯನ್ನೇ ಪ್ರಶ್ನಿಸಿ, ಪರೀಕ್ಷೆಯ ಪ್ರಭಾವ ಅಷ್ಟು ನೇರವಾಗಿರುವುದಿಲ್ಲ, ಏನು ಕಲಿಸುತ್ತಾರೆ ಎಂಬುದು ಬದಲಾದರೂ ಹೇಗೆ ಕಲಿಸುತ್ತಾರೆ ಎಂಬುದು ಬದಲಾಗಲೇಬೇಕೆಂದಿಲ್ಲ ಎಂಬ ಎಚ್ಚರಿಕೆ ಕೊಟ್ಟಿದ್ದಾರೆ. ಆದ್ದರಿಂದ ಘೋಷಣೆ ಹೊರಡಿಸಿ ಮುಂದಿನ ವರ್ಷವೇ ಜಾರಿ ಮಾಡುವ ಆತುರ ಬೇಡ. ಜಪಾನಿನಲ್ಲಿ ನಾಲ್ಕೂ ಕೌಶಲಗಳನ್ನು ಖಾಸಗಿ ಪರೀಕ್ಷೆಗಳ ಮೂಲಕ ಅಳೆಯುವ ಯೋಜನೆಯನ್ನು ಆರಂಭಕ್ಕೆ ಕೆಲವೇ ತಿಂಗಳು ಇರುವಾಗ, 2019ರ ನವೆಂಬರಿನಲ್ಲಿ, ಶುಲ್ಕ ಮತ್ತು ಪರೀಕ್ಷಾ ಕೇಂದ್ರಗಳ ಅಸಮಾನತೆಯ ದೂರುಗಳ ನಡುವೆ ಮುಂದೂಡಬೇಕಾಯಿತು, 2021ರಲ್ಲಿ ಪೂರ್ತಿ ಕೈಬಿಡಲಾಯಿತು. ಮಾತನಾಡುವುದು ಮತ್ತು ಬರೆಯುವುದು ಈ ಪತ್ರದಲ್ಲಿ ಬಾರದಿರಲು ಕಾರಣವೂ ಇದೇ; ಅವುಗಳ ಮೌಲ್ಯಮಾಪನಕ್ಕೆ ತರಬೇತಾದ ಬಹಳ ಜನ ಬೇಕು, ಓದು ಮತ್ತು ಆಲಿಸುವಿಕೆಗೆ ಅಷ್ಟು ಬೇಡ.

ಮೊದಲ ವರ್ಷ ಪ್ರತಿ ಶಾಲೆಗೂ ಕನಿಷ್ಠ ಹತ್ತು ಮಾದರಿ ಧ್ವನಿಮುದ್ರಿಕೆಗಳನ್ನೂ ಅವುಗಳ ಪ್ರಶ್ನೆಗಳನ್ನೂ ಉಚಿತವಾಗಿ ಕೊಡಿ. ಎರಡನೆಯ ವರ್ಷ ಆಯ್ದ ಶಾಲೆಗಳಲ್ಲಿ, ಅಂಕಪಟ್ಟಿಗೆ ಸೇರಿಸದೆ, ಪ್ರಾಯೋಗಿಕವಾಗಿ ಪರೀಕ್ಷೆ ನಡೆಸಿ ಪ್ರಶ್ನೆಗಳ ವಿಶ್ಲೇಷಣೆಯನ್ನು ಬಹಿರಂಗಪಡಿಸಿ. ಅಂಕಗಳನ್ನು ಮೂರನೆಯ ವರ್ಷದಿಂದ ಎಣಿಸಿ. ಓದಿನ ಭಾಗದ ತಿದ್ದುಪಡಿಗೆ ಇಷ್ಟು ಕಾಯುವ ಅಗತ್ಯವಿಲ್ಲ. ಎತ್ತಿ ಬರೆಯುವ ಪ್ರಶ್ನೆಗಳನ್ನು ಬರುವ ಪತ್ರಿಕೆಯಿಂದಲೇ ಕೈಬಿಡಬಹುದು ಮತ್ತು ಹಾಗೆ ಮಾಡುತ್ತೇವೆಂದು ಶಾಲೆಗಳು ಆರಂಭವಾಗುವ ಮೊದಲೇ ಮಾದರಿ ಪತ್ರಿಕೆಯ ಸಹಿತ ತಿಳಿಸಬಹುದು.

ಗೌರವಪೂರ್ವಕ ವಂದನೆಗಳೊಂದಿಗೆ,

ಪ್ರೌಢಶಾಲೆಯ ಒಬ್ಬ ಇಂಗ್ಲಿಷ್ ಅಧ್ಯಾಪಕ